ಒಂದೇ ಮನೆತನದ ಔಷಧಗಳು: ಬೈಗ್ವನೈಡ್‌ಗಳ ರಸಾಯನ ಮತ್ತು ಉಪಯೋಗ

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಸಭೆಯಲ್ಲಿ ವಿಜ್ಞಾನದ ಒಂದು ವಿಷಯದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ನಾನು ಆರಿಸಿಕೊಂಡ ವಿಷಯದ ಹೆಸರು ಸ್ವಲ್ಪ ಕಠಿಣವಾಗಿದೆ: ಬೈಗ್ವನೈಡ್. ಹೆಸರು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಹಿರಿಯರ ಜೇಬಿನಲ್ಲಿ ಈ ಹೊತ್ತು ಇದೇ ವಸ್ತು ಇರಬಹುದು. ಸಕ್ಕರೆ ಕಾಯಿಲೆಯವರು ಊಟದ ಜೊತೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಒಂದು ಬೈಗ್ವನೈಡ್. ಬಾಯಿ ಮುಕ್ಕಳಿಸಲು ದಂತವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಇನ್ನೊಂದು. ಮಲೇರಿಯಾ ತಡೆಗೆ ಬಳಸುವ ಪ್ರೊಗ್ವಾನಿಲ್ ಮತ್ತೊಂದು. ಇವೆಲ್ಲ ಒಂದೇ ಮನೆತನದ ಮಕ್ಕಳು. ಆದರೆ ಒಬ್ಬೊಬ್ಬರ ಗುಣ ಒಂದೊಂದು. ಇದೇ ಮನೆತನದಲ್ಲಿ ಹುಟ್ಟಿ, ಅನೇಕರ ಪ್ರಾಣಕ್ಕೆ ಎರವಾಗಿ, ಕೊನೆಗೆ ನಿಷೇಧಕ್ಕೊಳಗಾದ ಒಂದು ಔಷಧವೂ ಇದೆ.

ನಾನು ವೈದ್ಯನಲ್ಲ. ಹಲವು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು. ಆದ್ದರಿಂದ ನನ್ನ ಮಾತು ಚಿಕಿತ್ಸೆಯ ಸಲಹೆಯಲ್ಲ, ತಿಳಿವಳಿಕೆಯ ಮಾತು ಮಾತ್ರ. ಹಾಗಾದರೆ ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ತಾವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ.

ನಾವೆಲ್ಲ ಆಪಾ ಎಂದು ಕರೆಯುವ ನನ್ನ ಹಿರಿಯಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ವೈದ್ಯರು ಮೆಟ್‌ಫಾರ್ಮಿನ್ ಬರೆದುಕೊಟ್ಟಿದ್ದರು. ಒಂದು ಮದುವೆ ಮನೆಯಲ್ಲಿ ಯಾರೋ ಹಿತೈಷಿಗಳು, ‘ಈ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ, ನಮ್ಮ ಸಂಬಂಧಿಕರೊಬ್ಬರಿಗೆ ಹಾಗೇ ಆಯಿತು’ ಎಂದರು. ಆಪಾ ಮನೆಯಲ್ಲಿ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ವರ್ಷ ಕಳೆಯಿತು. ಮೈಗೆ ಏನೂ ತೊಂದರೆ ಕಾಣಲಿಲ್ಲ. ಆಮೇಲೆ ಕಾಲಿಗೆ ಚಪ್ಪಲಿ ಉಜ್ಜಿ ಆದ ಒಂದು ಸಣ್ಣ ಗಾಯ ವಾಸಿಯಾಗಲೇ ಇಲ್ಲ. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಆಪಾ ನನ್ನನ್ನು ಕೇಳಿದರು: ‘ನೀನು ಕೆಮಿಸ್ಟ್ರಿ ಮೇಷ್ಟ್ರಲ್ಲವೇನಪ್ಪಾ, ಆ ಮಾತ್ರೆಯಲ್ಲಿ ಅಂಥದ್ದೇನಿದೆ ಅಂತ ನನಗೆ ಒಂದು ಸಲವಾದರೂ ಹೇಳಬಾರದಿತ್ತೆ?’ ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅಂದು ಆಪಾಗೆ ಹೇಳಬೇಕಾಗಿದ್ದುದನ್ನು ಇಂದು ತಮಗೆ ಹೇಳುತ್ತಿದ್ದೇನೆ.

ಅಣುವಿನ ರಚನೆ

ಮೊದಲು ರಚನೆ. ವಿದ್ಯಾರ್ಥಿಗಳಿಗೆ ಯೂರಿಯಾ ಗೊತ್ತು; ರೈತರ ಮನೆಯವರಿಗಂತೂ ಚೆನ್ನಾಗಿಯೇ ಗೊತ್ತು. ಯೂರಿಯಾ ಅಣುವಿನ ನಡುವೆ ಒಂದು ಇಂಗಾಲದ ಪರಮಾಣು, ಅದಕ್ಕೆ ಜೋಡಿಬಂಧದಿಂದ ಒಂದು ಆಮ್ಲಜನಕ, ಇಕ್ಕೆಲಗಳಲ್ಲಿ ಎರಡು ಅಮೈನೊ ಗುಂಪುಗಳು. ಈ ಆಮ್ಲಜನಕವನ್ನು ತೆಗೆದು ಅಲ್ಲಿ ಸಾರಜನಕ ಮತ್ತು ಜಲಜನಕದ ಗುಂಪನ್ನು ಕೂಡಿಸಿದರೆ ದೊರೆಯುವುದೇ ಗ್ವನಿಡೀನ್. ಜರ್ಮನ್ ರಸಾಯನಶಾಸ್ತ್ರಜ್ಞ ಅಡಾಲ್ಫ್ ಸ್ಟ್ರೆಕರ್ 1861ರಲ್ಲಿ ಇದನ್ನು ಮೊದಲು ಪಡೆದರು. ಅವರು ಆರಂಭಿಸಿದ್ದು ಗ್ವನೀನ್ ಎಂಬ ವಸ್ತುವಿನಿಂದ. ಅದು ಕಡಲಹಕ್ಕಿಗಳ ಹಿಕ್ಕೆಯಾದ ಗ್ವಾನೊದಲ್ಲಿ ಸಿಕ್ಕಿದ್ದರಿಂದ ಆ ಹೆಸರು ಬಂತು. ಹಕ್ಕಿಯ ಹಿಕ್ಕೆಯಿಂದ ಬಂದ ಹೆಸರು ಇಂದು ಔಷಧಿ ಅಂಗಡಿಯ ಕಪಾಟಿನವರೆಗೆ ತಲುಪಿದೆ.

ಎರಡು ಗ್ವನಿಡೀನ್ ಅಣುಗಳು ಒಂದು ಅಮೋನಿಯಾವನ್ನು ಬಿಟ್ಟುಕೊಟ್ಟು ಪರಸ್ಪರ ಕೂಡಿಕೊಂಡರೆ ಬೈಗ್ವನೈಡ್ ಆಗುತ್ತದೆ. ಅದರಲ್ಲಿ ಎರಡು ಇಂಗಾಲ, ಐದು ಸಾರಜನಕ, ಏಳು ಜಲಜನಕ. ಇಷ್ಟು ಚಿಕ್ಕ ಅಣುವಿನಲ್ಲಿ ಇಷ್ಟೊಂದು ಸಾರಜನಕ ಇರುವುದೇ ಅದರ ವಿಶೇಷ. ಇದರಿಂದ ಅದು ಪ್ರಬಲ ಪ್ರತ್ಯಾಮ್ಲವಾಗುತ್ತದೆ. ನೀರಿನಲ್ಲಿ, ರಕ್ತದಲ್ಲಿ ಒಂದು ಪ್ರೋಟಾನನ್ನು ಹಿಡಿದುಕೊಂಡು ಧನ ವಿದ್ಯುದಾವೇಶ ಪಡೆಯುತ್ತದೆ. ಈ ಧನ ಆವೇಶವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಹೇಳುವ ಎಲ್ಲ ಕಥೆಗಳಲ್ಲೂ ಅದು ಬರುತ್ತದೆ.

ಬೈಗ್ವನೈಡಿನ ಸಾರಜನಕಗಳು ಲೋಹದ ಅಯಾನುಗಳನ್ನು ಇಕ್ಕಳದಂತೆ ಹಿಡಿದುಕೊಳ್ಳಬಲ್ಲವು. ತಾಮ್ರದ ಲವಣದೊಂದಿಗೆ ಗುಲಾಬಿ ಬಣ್ಣದ ಸಂಕೀರ್ಣಗಳನ್ನು ಕೊಡುತ್ತವೆ. ಈ ಕ್ಷೇತ್ರದಲ್ಲಿ ಜಗತ್ತಿಗೆ ದಾರಿ ತೋರಿಸಿದವರಲ್ಲಿ ಒಬ್ಬರು ನಮ್ಮ ದೇಶದವರೇ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಕಲ್ಕತ್ತೆಯ ಪ್ರಿಯದಾರಂಜನ್ ರೇ ಅವರು ಬೈಗ್ವನೈಡಿನ ಲೋಹ ಸಂಕೀರ್ಣಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಕೋಬಾಲ್ಟ್ ಸಂಕೀರ್ಣವೊಂದು ತನ್ನ ಕನ್ನಡಿ ಬಿಂಬದ ರೂಪಕ್ಕೆ ಹೇಗೆ ತಿರುಗುತ್ತದೆ ಎಂಬುದಕ್ಕೆ ಅವರು ನಿಹಾರ್ ಕುಮಾರ್ ದತ್ತರೊಂದಿಗೆ 1943ರಲ್ಲಿ ಕೊಟ್ಟ ವಿವರಣೆ ಇಂದಿಗೂ ‘ರೇ-ದತ್ತ್ ತಿರುಚು’ ಎಂಬ ಹೆಸರಿನಲ್ಲಿ ಪಠ್ಯಪುಸ್ತಕಗಳಲ್ಲಿದೆ. ಆ ಸಂಕೀರ್ಣದಲ್ಲಿ ಇದ್ದದ್ದು ಇದೇ ಬೈಗ್ವನೈಡ್.

ಗಿಡದಿಂದ ಮಾತ್ರೆಗೆ

ಯುರೋಪಿನಲ್ಲಿ ಗ್ಯಾಲೆಗಾ ಅಫಿಸಿನಾಲಿಸ್ ಎಂಬ ಗಿಡವಿದೆ. ನಸುನೇರಳೆ ಹೂ ಬಿಡುವ, ದ್ವಿದಳ ಜಾತಿಯ ಗಿಡ. ಮಧ್ಯಯುಗದಿಂದಲೂ ಅಲ್ಲಿಯ ನಾಟಿವೈದ್ಯರು ಅದನ್ನು ಬಳಸುತ್ತಿದ್ದರು. ಆದರೆ ದನಕುರಿಗಳು ಅದನ್ನು ಹೆಚ್ಚು ಮೇಯ್ದರೆ ಸಾಯುವುದೂ ಉಂಟು. ಆ ಗಿಡದಲ್ಲಿ ಗ್ವನಿಡೀನ್ ಮತ್ತು ಅದರ ಸಂಬಂಧಿಯಾದ ಗ್ಯಾಲೆಗಿನ್ ಇರುವುದು ಆಮೇಲೆ ತಿಳಿಯಿತು. ಗ್ವನಿಡೀನ್ ಪ್ರಾಣಿಗಳ ರಕ್ತದ ಸಕ್ಕರೆಯನ್ನು ಇಳಿಸುತ್ತದೆಂದು 1918ರಲ್ಲಿ ವಟನಬೆ ಎಂಬ ಸಂಶೋಧಕರು ಪ್ರಕಟಿಸಿದರು. ಆದರೆ ಅದು ವಿಷಕಾರಿ. 1920ರ ದಶಕದಲ್ಲಿ ಜರ್ಮನಿಯಲ್ಲಿ ಉದ್ದ ಸರಪಳಿಯ ಎರಡು ತುದಿಗಳಿಗೆ ಗ್ವನಿಡೀನ್ ಕೂಡಿಸಿ ಸಿಂಥಾಲಿನ್ ಎಂಬ ಮಾತ್ರೆ ತಯಾರಿಸಿದರು. ಸಕ್ಕರೆ ಇಳಿಯಿತು, ಆದರೆ ಯಕೃತ್ತು ಕೆಟ್ಟಿತು. ಆ ಮಾತ್ರೆಯನ್ನು ಕೈಬಿಡಬೇಕಾಯಿತು.

ಈ ನಡುವೆ 1922ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಎಮಿಲ್ ವರ್ನರ್ ಮತ್ತು ಜೇಮ್ಸ್ ಬೆಲ್ ಎಂಬ ಇಬ್ಬರು ಬೈಗ್ವನೈಡಿನ ಒಂದು ತುದಿಯಲ್ಲಿ ಎರಡು ಮೀಥೈಲ್ ಗುಂಪುಗಳಿರುವ ವಸ್ತುವನ್ನು ತಯಾರಿಸಿದರು. ಅದೇ ಡೈಮೀಥೈಲ್ ಬೈಗ್ವನೈಡ್, ಅಂದರೆ ಇಂದಿನ ಮೆಟ್‌ಫಾರ್ಮಿನ್. ತಯಾರಿಸುವ ಕ್ರಮ ಬಹಳ ಸರಳ: ಡೈಸಯನಡೈಅಮೈಡ್ ಎಂಬ ಅಗ್ಗದ ಪುಡಿಯನ್ನು ಡೈಮೀಥೈಲ್ ಅಮೈನಿನ ಹೈಡ್ರೋಕ್ಲೋರೈಡ್ ಲವಣದೊಂದಿಗೆ ಕಾಯಿಸಬೇಕು. ಒಂದು ಅಣು ಇನ್ನೊಂದಕ್ಕೆ ಹಾಗೆಯೇ ಸೇರಿಕೊಳ್ಳುತ್ತದೆ. ಎರಡರಲ್ಲಿದ್ದ ಎಲ್ಲ ಪರಮಾಣುಗಳೂ ಔಷಧದಲ್ಲೇ ಉಳಿಯುತ್ತವೆ, ಉಪೋತ್ಪನ್ನವೆಂದು ಹೊರಹೋಗುವುದು ಏನೂ ಇಲ್ಲ. ಈ ಮಾತ್ರೆ ಬಡವರ ಕೈಗೆಟಕುವ ಬೆಲೆಗೆ ಸಿಗಲು ಇದೂ ಒಂದು ಕಾರಣ. 1929ರಲ್ಲಿ ಸ್ಲೊಟ್ಟಾ ಮತ್ತು ಚೆಷೆ ಎಂಬ ಜರ್ಮನ್ ವಿಜ್ಞಾನಿಗಳು ಇಂಥ ಬೈಗ್ವನೈಡ್‌ಗಳು ಮೊಲಗಳ ಸಕ್ಕರೆ ಇಳಿಸುವುದನ್ನು ತೋರಿಸಿದರು. ಆದರೆ ಅಷ್ಟು ಹೊತ್ತಿಗೆ ಇನ್ಸುಲಿನ್ ಬಂದಾಗಿತ್ತು, ಸಿಂಥಾಲಿನ್ನಿನ ಕೆಟ್ಟ ಹೆಸರೂ ಇತ್ತು. ಯಾರೂ ಮುಂದುವರಿಯಲಿಲ್ಲ. ಔಷಧ ಕಪಾಟಿನಲ್ಲೇ ಉಳಿಯಿತು.

ಅದನ್ನು ಮತ್ತೆ ಹೊರತಂದದ್ದು ಮಲೇರಿಯಾ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜಪಾನ್ ಜಾವಾ ದ್ವೀಪವನ್ನು ಹಿಡಿದುಕೊಂಡಿತು. ಜಗತ್ತಿನ ಕ್ವಿನೈನ್‌ನ ಬಹುಪಾಲು ಅಲ್ಲಿಯ ಸಿಂಕೋನಾ ತೋಟಗಳಿಂದಲೇ ಬರುತ್ತಿತ್ತು. ಸೈನಿಕರು ಗುಂಡಿಗಿಂತ ಹೆಚ್ಚಾಗಿ ಚಳಿಜ್ವರಕ್ಕೆ ಹೆದರಬೇಕಾದ ಕಾಲ. ಬದಲಿ ಔಷಧ ಹುಡುಕುತ್ತಿದ್ದ ಇಂಗ್ಲೆಂಡಿನ ಐಸಿಐ ಕಂಪನಿಯ ಕರ್ಡ್, ಡೇವಿ ಮತ್ತು ರೋಸ್ 1945ರಲ್ಲಿ ಪ್ರೊಗ್ವಾನಿಲ್ ಎಂಬ ಬೈಗ್ವನೈಡನ್ನು ಪ್ರಕಟಿಸಿದರು. ಪ್ಯಾಲುಡ್ರಿನ್ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಇದರ ಒಂದು ಸ್ವಾರಸ್ಯವೇನೆಂದರೆ, ನುಂಗಿದ ಪ್ರೊಗ್ವಾನಿಲ್ ನಮ್ಮ ಯಕೃತ್ತಿನಲ್ಲಿ ಸೈಕ್ಲೊಗ್ವಾನಿಲ್ ಆಗಿ ಬದಲಾಗಿ, ಮಲೇರಿಯಾ ಪರೋಪಜೀವಿಗೆ ಬೇಕಾದ ಫೋಲೇಟ್ ತಯಾರಿಕೆಯನ್ನು ತಡೆಯುತ್ತದೆ. ಅಂದರೆ ಔಷಧದ ಕೊನೆಯ ಹಂತವನ್ನು ರೋಗಿಯ ದೇಹವೇ ಪೂರೈಸುತ್ತದೆ. ಇಂದು ಇದನ್ನು ಅಟೊವಕ್ವೋನ್ ಜೊತೆ ಬೆರೆಸಿ ಮುಖ್ಯವಾಗಿ ಪ್ರವಾಸಿಗಳಿಗೆ ಕೊಡುತ್ತಾರೆ.

ಬೈಗ್ವನೈಡ್‌ಗಳ ಮೇಲೆ ಮತ್ತೆ ಕಣ್ಣು ಬಿದ್ದದ್ದರಿಂದ, ಫಿಲಿಪ್ಪೀನ್ಸ್‌ನ ವೈದ್ಯ ಯುಸೆಬಿಯೊ ಗಾರ್ಸಿಯಾ 1950ರ ಸುಮಾರಿಗೆ ಡೈಮೀಥೈಲ್ ಬೈಗ್ವನೈಡನ್ನು ಫ್ಲೂ ಜ್ವರಕ್ಕೆ ಕೊಟ್ಟು ನೋಡಿದರು. ಅದು ಸಕ್ಕರೆಯನ್ನೂ ಇಳಿಸುತ್ತದೆಂದು ಬರೆದರು. ಆ ಮಾತು ಪ್ಯಾರಿಸಿನ ವೈದ್ಯ ಜಾನ್ ಸ್ಟೆರ್ನ್ ಅವರ ಗಮನಕ್ಕೆ ಬಂತು. ತಮ್ಮ ಎಳೆಯ ವಯಸ್ಸಿನಲ್ಲೇ ಗ್ಯಾಲೆಗಿನ್ ಮೇಲೆ ಕೆಲಸ ಮಾಡಿದ್ದ ಅವರು, ಮೆಟ್‌ಫಾರ್ಮಿನ್ನನ್ನು ಸಕ್ಕರೆ ರೋಗಿಗಳಿಗೆ ಕೊಟ್ಟು 1957ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದಕ್ಕೆ ಗ್ಲೂಕೊಫೇಜ್, ಅಂದರೆ ಗ್ಲೂಕೋಸನ್ನು ತಿನ್ನುವುದು, ಎಂದು ಹೆಸರಿಟ್ಟರು. 1922ರಲ್ಲಿ ತಯಾರಾದ ವಸ್ತು ರೋಗಿಯ ಬಾಯಿಗೆ ತಲುಪಲು 35 ವರ್ಷ ಹಿಡಿಯಿತು.

ಇಬ್ಬರು ಅಣ್ಣತಮ್ಮಂದಿರು

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಅದೇ 1957ರಲ್ಲಿ ಅಮೆರಿಕದಲ್ಲಿ ಫೆನ್‌ಫಾರ್ಮಿನ್ ಎಂಬ ಮತ್ತೊಂದು ಬೈಗ್ವನೈಡ್ ಪ್ರಕಟವಾಯಿತು. ಮೆಟ್‌ಫಾರ್ಮಿನ್ನಿನಲ್ಲಿ ಬಾಲವಾಗಿ ಎರಡು ಪುಟ್ಟ ಮೀಥೈಲ್ ಗುಂಪುಗಳಿದ್ದರೆ, ಫೆನ್‌ಫಾರ್ಮಿನ್ನಿನಲ್ಲಿ ಬೆಂಜೀನ್ ಉಂಗುರವಿರುವ ಫೀನೈಲೀಥೈಲ್ ಎಂಬ ದೊಡ್ಡ ಬಾಲ. ತಲೆ ಒಂದೇ, ಬಾಲ ಮಾತ್ರ ಬೇರೆ. ಫೆನ್‌ಫಾರ್ಮಿನ್ ಕಡಿಮೆ ಪ್ರಮಾಣದಲ್ಲೇ ಚುರುಕಾಗಿ ಕೆಲಸ ಮಾಡುತ್ತಿತ್ತು. ಹಾಗಾಗಿ ಮೊದಲು ಅದೇ ಹೆಚ್ಚು ಜನಪ್ರಿಯವಾಯಿತು.

ಆದರೆ ಆ ಬಾಲಕ್ಕೆ ಕೊಬ್ಬಿನಲ್ಲಿ ಕರಗುವ ಗುಣವಿದೆ. ಅದು ಜೀವಕೋಶಗಳ ಒಳಗಿನ ಮೈಟೊಕಾಂಡ್ರಿಯಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದನ್ನು ಹೊರಹಾಕಲು ಯಕೃತ್ತಿನ ಒಂದು ಕಿಣ್ವವೂ ಕೆಲಸ ಮಾಡಬೇಕು. ಆ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವ ಜನ ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಅಂಥವರ ದೇಹದಲ್ಲಿ ಔಷಧ ಸಂಗ್ರಹವಾಗಿ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ, ಉಸಿರು ಏದುತ್ತ ಪ್ರಜ್ಞೆ ತಪ್ಪುವ ಸ್ಥಿತಿ ಬರುತ್ತಿತ್ತು. ಇದಕ್ಕೆ ಲ್ಯಾಕ್ಟಿಕ್ ಅಸಿಡೋಸಿಸ್ ಎನ್ನುತ್ತಾರೆ. ಈ ಸ್ಥಿತಿಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕಿ ಉಳಿಯುತ್ತಿರಲಿಲ್ಲ. ಅಮೆರಿಕ 1977ರಲ್ಲಿ ಫೆನ್‌ಫಾರ್ಮಿನ್ನನ್ನು ಮಾರುಕಟ್ಟೆಯಿಂದ ತೆಗೆಯಲು ಆದೇಶಿಸಿತು. ಬೇರೆ ದೇಶಗಳೂ ಹಾಗೇ ಮಾಡಿದವು. ನಮ್ಮ ದೇಶದಲ್ಲಿ ಅದು ನಿಷೇಧವಾದದ್ದು 2003ರಲ್ಲಿ. ಅಂದರೆ ಅಮೆರಿಕದಲ್ಲಿ ಬೇಡವಾದ ನಂತರವೂ 25 ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಅದಕ್ಕೆ ತಡೆ ಇರಲಿಲ್ಲ. ಇದು ವಿದ್ಯಾವಂತರೆಲ್ಲ ಯೋಚಿಸಬೇಕಾದ ಸಂಗತಿ.

ಅಣ್ಣನ ತಪ್ಪಿಗೆ ತಮ್ಮನಿಗೂ ಕೆಟ್ಟ ಹೆಸರು ಬಂತು. ಮೆಟ್‌ಫಾರ್ಮಿನ್ ಬ್ರಿಟನ್ನಿನಲ್ಲಿ 1958ರಿಂದಲೇ ಬಳಕೆಯಲ್ಲಿದ್ದರೂ, ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿದ್ದು 1994ರ ಡಿಸೆಂಬರಿನಲ್ಲಿ. ಆದರೆ ಮೆಟ್‌ಫಾರ್ಮಿನ್ನಿನ ನಡತೆಯೇ ಬೇರೆ. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುವುದಿಲ್ಲ. ಯಕೃತ್ತಿನಲ್ಲಿ ಒಡೆಯುವುದಿಲ್ಲ. ಹೇಗೆ ರಕ್ತ ಸೇರಿತೋ ಹಾಗೆಯೇ ಮೂತ್ರಪಿಂಡಗಳ ಮೂಲಕ ಹೊರಗೆ ಹೋಗುತ್ತದೆ. ಫೆನ್‌ಫಾರ್ಮಿನ್ ಬಳಸಿದ ಒಂದು ಲಕ್ಷ ಮಂದಿಯಲ್ಲಿ ವರ್ಷಕ್ಕೆ 40ರಿಂದ 64 ಮಂದಿಗೆ ಲ್ಯಾಕ್ಟಿಕ್ ಅಸಿಡೋಸಿಸ್ ಬರುತ್ತಿತ್ತೆಂದು ಅಂದಾಜು. ಮೆಟ್‌ಫಾರ್ಮಿನ್ನಿನಲ್ಲಿ ಆ ಸಂಖ್ಯೆ 10ಕ್ಕಿಂತ ಕಡಿಮೆ. ಅವರಲ್ಲೂ ಬಹುತೇಕರಿಗೆ ಮೂತ್ರಪಿಂಡದ ಅಥವಾ ಬೇರೆ ಗಂಭೀರ ಕಾಯಿಲೆ ಮೊದಲೇ ಇರುತ್ತದೆ.

ಮಾತ್ರೆ ಮಾಡುವ ಕೆಲಸ

ನಮ್ಮ ಯಕೃತ್ತು ಒಂದು ಸಕ್ಕರೆ ಕಾರ್ಖಾನೆಯೂ ಹೌದು. ರಾತ್ರಿ ನಾವು ಮಲಗಿದಾಗ ಮಿದುಳಿಗೆ ಗ್ಲೂಕೋಸ್ ಬೇಕಲ್ಲ, ಅದನ್ನು ಲ್ಯಾಕ್ಟಿಕ್ ಆಮ್ಲ, ಅಮೈನೊ ಆಮ್ಲ ಮುಂತಾದವುಗಳಿಂದ ಯಕೃತ್ತು ತಯಾರಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಈ ಕಾರ್ಖಾನೆಗೆ ಹತೋಟಿ ತಪ್ಪಿರುತ್ತದೆ. ರಾತ್ರಿ ಊಟವನ್ನೇ ಬಿಟ್ಟರೂ ಬೆಳಿಗ್ಗೆ ಸಕ್ಕರೆ ಏಕೆ ಏರಿದೆ ಎಂದು ಅನೇಕರು ಆಶ್ಚರ್ಯಪಡುವುದು ಇದಕ್ಕೇ. ಧನ ಆವೇಶವುಳ್ಳ ಮೆಟ್‌ಫಾರ್ಮಿನ್ ವಿಶೇಷ ಸಾಗಣೆ ಪ್ರೋಟೀನಿನ ನೆರವಿನಿಂದ ಯಕೃತ್ತಿನ ಕೋಶಗಳನ್ನು ಸೇರಿ, ಮೈಟೊಕಾಂಡ್ರಿಯದ ಶಕ್ತಿ ಉತ್ಪಾದನೆಯನ್ನು ಸ್ವಲ್ಪ ತಗ್ಗಿಸುತ್ತದೆ. ಆಗ ಕೋಶಕ್ಕೆ ಇಂಧನ ಕಡಿಮೆಯಾಯಿತೆಂಬ ಸೂಚನೆ ಸಿಕ್ಕಿ, ಖರ್ಚಿನ ಕೆಲಸವಾದ ಸಕ್ಕರೆ ತಯಾರಿಕೆ ಇಳಿಯುತ್ತದೆ. ಕರುಳಿನಲ್ಲೂ ಅದು ಹಲವು ಬಗೆಯಲ್ಲಿ ಕೆಲಸ ಮಾಡುತ್ತದೆ. ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುವುದಿಲ್ಲ. ಆದ್ದರಿಂದ ಅದೊಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ.

ಉಪಯೋಗದ ಪುರಾವೆ ಏನು? ಬ್ರಿಟನ್ನಿನಲ್ಲಿ 20 ವರ್ಷ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ತೂಕ ಹೆಚ್ಚಿದ್ದ 342 ರೋಗಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟರು. ಆಹಾರ ಪಥ್ಯವನ್ನೇ ಮುಖ್ಯವಾಗಿ ನಂಬಿದ್ದವರಿಗೆ ಹೋಲಿಸಿದರೆ ಇವರಲ್ಲಿ ಒಟ್ಟು ಸಾವು ಶೇಕಡಾ 36ರಷ್ಟು, ಹೃದಯಾಘಾತ ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಇನ್ನು ಕಾಯಿಲೆ ಬರುವ ಅಂಚಿನಲ್ಲಿರುವವರ ಮಾತು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಮಂದಿಯನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೆಟ್‌ಫಾರ್ಮಿನ್‌ನಿಂದ ಕಾಯಿಲೆಯ ಅಪಾಯ ಶೇಕಡಾ 26.4ರಷ್ಟು ತಗ್ಗಿತು, ಬರೀ ನಡಿಗೆ ಮತ್ತು ಆಹಾರದ ಶಿಸ್ತಿನಿಂದ ಶೇಕಡಾ 28.5ರಷ್ಟು ತಗ್ಗಿತು. ನಡಿಗೆಗೆ ದುಡ್ಡು ಬೇಡ ಎಂಬುದನ್ನು ಗಮನಿಸಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಅಂಚಿನಲ್ಲಿದ್ದಾರೆ ಎಂದು ಅಂದಾಜು ಮಾಡಿದೆ. ಇದು ನಮ್ಮ ಪ್ರತಿಯೊಂದು ಮನೆಯ ವಿಷಯ.

ಕಿಡ್ನಿಯ ಪ್ರಶ್ನೆ

ಈಗ ಆಪಾ ಅವರ ಪ್ರಶ್ನೆಗೆ ಬರೋಣ. ಮೆಟ್‌ಫಾರ್ಮಿನ್ ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ಮೂತ್ರಪಿಂಡ ಕೆಟ್ಟವರ ದೇಹದಿಂದ ಅದು ಹೊರಗೆ ಹೋಗುವುದಿಲ್ಲ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ದೊಡ್ಡದು. ಮಳೆನೀರು ಚರಂಡಿಯನ್ನು ಕಟ್ಟಿಸುವುದಿಲ್ಲ. ಚರಂಡಿ ಕಟ್ಟಿದ್ದರೆ ಮಳೆನೀರು ಅಂಗಳದಲ್ಲಿ ನಿಲ್ಲುತ್ತದೆ, ಅಷ್ಟೇ. ಕಿಡ್ನಿ ದುರ್ಬಲವಾದಾಗ ವೈದ್ಯರು ಈ ಮಾತ್ರೆಯನ್ನು ನಿಲ್ಲಿಸುತ್ತಾರೆ. ಅದನ್ನು ನೋಡಿದವರು, ಮಾತ್ರೆಯಿಂದಲೇ ಕಿಡ್ನಿ ಹೋಯಿತು ಎಂದು ತಿರುಗಾಮುರುಗಾ ಅರ್ಥ ಮಾಡಿಕೊಳ್ಳುತ್ತಾರೆ. ನಿಜವಾಗಿ ಕಿಡ್ನಿಯನ್ನು, ಕಣ್ಣನ್ನು, ಕಾಲಿನ ನರಗಳನ್ನು ಕೆಡಿಸುವುದು ವರ್ಷಗಟ್ಟಲೆ ಹತೋಟಿಯಿಲ್ಲದೆ ಏರಿದ ಸಕ್ಕರೆ. ಮದುವೆ ಮನೆಯಲ್ಲಿ ಕೇಳಿದ ಒಂದು ಅರ್ಧಸತ್ಯಕ್ಕೆ ನನ್ನ ಅಕ್ಕ ಎರಡು ಬೆರಳುಗಳ ಬೆಲೆ ತೆತ್ತರು.

ಹಾಗೆಂದು ಇದು ಮಿಠಾಯಿಯಲ್ಲ. ಕೆಲವು ಮಾತುಗಳನ್ನು ತಾವು ನೆನಪಿಡಬೇಕು. ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ವರದಿಯಲ್ಲಿ ಇಜಿಎಫ್‌ಆರ್ ಎಂಬ ಅಂಕಿ 30ಕ್ಕಿಂತ ಕಡಿಮೆಯಿದ್ದರೆ ಈ ಮಾತ್ರೆ ಸಲ್ಲದು. 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಆರಂಭಿಸುವುದಿಲ್ಲ, ಮೊದಲಿನಿಂದ ನುಂಗುತ್ತಿದ್ದವರಿಗೆ ಮುಂದುವರಿಸಬೇಕೇ, ಪ್ರಮಾಣ ಎಷ್ಟು ತಗ್ಗಿಸಬೇಕು ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ತೀವ್ರ ವಾಂತಿಭೇದಿಯಾಗಿ ದೇಹದ ನೀರು ಬತ್ತಿದಾಗ, ಸ್ಕ್ಯಾನಿಂಗಿಗಾಗಿ ರಕ್ತನಾಳಕ್ಕೆ ಬಣ್ಣದ ಔಷಧ ಚುಚ್ಚುವ ಮೊದಲು, ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆಂದು ತಪ್ಪದೆ ಹೇಳಬೇಕು. ಆರಂಭದಲ್ಲಿ ಹೊಟ್ಟೆ ತೊಳಸುವುದು, ಭೇದಿ ಆಗುವುದುಂಟು. ಊಟದ ಜೊತೆ, ಕಡಿಮೆ ಪ್ರಮಾಣದಿಂದ ಆರಂಭಿಸಿದರೆ ಬಹುಪಾಲು ಜನರಿಗೆ ಒಗ್ಗುತ್ತದೆ. ಬಹಳ ವರ್ಷ ನುಂಗಿದವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಬಹುದು. ಅದರಿಂದ ಬರುವ ಕಾಲಿನ ಜೋಮನ್ನು ಸಕ್ಕರೆಯ ಜೋಮು ಎಂದೇ ತಿಳಿದು ಸುಮ್ಮನಿರುವವರಿದ್ದಾರೆ. ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಸರಿಪಡಿಸಲೂ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೆರೆಮನೆಯವರ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕೇಳಿ ಪಡೆಯುವ ಅಭ್ಯಾಸ ಬಿಡಬೇಕು. ಅವರ ಕಿಡ್ನಿ ಬೇರೆ, ನಿಮ್ಮ ಕಿಡ್ನಿ ಬೇರೆ.

ರಮಝಾನ್ ಮತ್ತು ಮಾತ್ರೆಯ ವೇಳೆ

ನಮ್ಮ ಮನೆಗಳಲ್ಲಿ ಪ್ರತಿ ವರ್ಷ ಏಳುವ ಪ್ರಶ್ನೆಯೊಂದಿದೆ. ಉಪವಾಸದಲ್ಲಿ ಮಾತ್ರೆ ಹೇಗೆ? 13 ದೇಶಗಳ 12,243 ಮುಸ್ಲಿಂ ಸಕ್ಕರೆ ರೋಗಿಗಳನ್ನು 2001ರಲ್ಲಿ ವಿಚಾರಿಸಿದ ಎಪಿಡಿಯಾರ್ ಅಧ್ಯಯನದಲ್ಲಿ, ಎರಡನೆಯ ಬಗೆಯ ಕಾಯಿಲೆಯವರ ಪೈಕಿ ಶೇಕಡಾ 79ರಷ್ಟು ಮಂದಿ ಕನಿಷ್ಠ 15 ದಿನ ಉಪವಾಸ ಆಚರಿಸುತ್ತಾರೆಂದು ಕಂಡುಬಂತು. ಸಕ್ಕರೆ ತೀವ್ರವಾಗಿ ಕುಸಿದು ಆಸ್ಪತ್ರೆ ಸೇರುವ ಪ್ರಕರಣಗಳು ಅವರಲ್ಲಿ ಆ ತಿಂಗಳು ಏಳು ಪಟ್ಟಿಗೂ ಮೇಲೆ ಏರಿದ್ದವು. ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಇನ್ಸುಲಿನ್ ಮತ್ತು ಸಲ್ಫೊನೈಲ್‌ಯೂರಿಯಾ ವರ್ಗದ ಮಾತ್ರೆಗಳು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ಕಡಿಮೆ. ಸಾಮಾನ್ಯವಾಗಿ ತಜ್ಞರು ಹೇಳುವ ಕ್ರಮ ಹೀಗಿದೆ: ದಿನಕ್ಕೆ ಒಂದು ಮಾತ್ರೆಯಿದ್ದರೆ ಇಫ್ತಾರ್‌ಗೆ, ಎರಡಿದ್ದರೆ ಇಫ್ತಾರ್‌ಗೆ ಒಂದು, ಸಹರಿಗೆ ಒಂದು, ಮೂರಿದ್ದರೆ ಮಧ್ಯಾಹ್ನದ್ದನ್ನು ಇಫ್ತಾರ್‌ನ ಮಾತ್ರೆಯೊಂದಿಗೆ ಸೇರಿಸಿ, ನಿಧಾನವಾಗಿ ಕರಗುವ ಬಗೆಯದಾದರೆ ಇಫ್ತಾರ್‌ಗೆ. ಆದರೂ ರಮಝಾನಿಗೆ ಒಂದೆರಡು ತಿಂಗಳು ಮೊದಲೇ ತಮ್ಮ ವೈದ್ಯರನ್ನು ಕಂಡು, ತಮ್ಮ ಮಾತ್ರೆಗಳ ಪಟ್ಟಿಯನ್ನು ತೋರಿಸಿಯೇ ತೀರ್ಮಾನಿಸಬೇಕು. ಎಷ್ಟೋ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಜೊತೆ ಸಲ್ಫೊನೈಲ್‌ಯೂರಿಯಾ ಸಹ ಬೆರೆತಿರುತ್ತದೆ. ಹೆಸರು ನೋಡಿ ತಿಳಿಯುವುದಿಲ್ಲ, ಹಿಂಭಾಗದ ಸಣ್ಣಕ್ಷರ ಓದಬೇಕು.

ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲವೆಂದು ಈ ವಿಷಯದ ಮಾರ್ಗಸೂಚಿಗಳಲ್ಲಿ ಸ್ಪಷ್ಟಪಡಿಸಲಾಗಿದೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ಮೀರಿದರೆ ಉಪವಾಸ ಬಿಡಬೇಕೆಂದು ಅವೇ ಮಾರ್ಗಸೂಚಿಗಳು ಹೇಳುತ್ತವೆ. ರೋಗಿಗೆ ಇರುವ ರಿಯಾಯಿತಿ ಪವಿತ್ರ ಕುರ್‌ಆನಿನ ಎರಡನೆಯ ಅಧ್ಯಾಯದ 184 ಮತ್ತು 185ನೇ ವಚನಗಳಲ್ಲೇ ಇದೆ ಎಂಬುದನ್ನು ಮನೆಯ ಹಿರಿಯರಿಗೆ ಮೃದುವಾಗಿ ನೆನಪಿಸುವುದು ಮಕ್ಕಳ ಕರ್ತವ್ಯ.

ಗಾಯ ತೊಳೆಯುವ ಬೈಗ್ವನೈಡ್

ಮನೆತನದ ಇನ್ನೊಂದು ಕವಲನ್ನು ನೋಡಿ ಮುಗಿಸುತ್ತೇನೆ. ಪ್ರೊಗ್ವಾನಿಲ್ ಕಂಡುಹಿಡಿದ ಅದೇ ಐಸಿಐ ಕಂಪನಿಯವರು, ಎರಡು ಬೈಗ್ವನೈಡ್ ಗುಂಪುಗಳನ್ನು ಆರು ಇಂಗಾಲದ ಸರಪಳಿಯಿಂದ ಜೋಡಿಸಿ, ಎರಡು ತುದಿಗೂ ಕ್ಲೋರಿನ್ ಇರುವ ಬೆಂಜೀನ್ ಉಂಗುರಗಳನ್ನು ಕೂಡಿಸಿದರು. 1954ರಲ್ಲಿ ಬೆಳಕಿಗೆ ಬಂದ ಈ ವಸ್ತುವೇ ಕ್ಲೋರ್‌ಹೆಕ್ಸಿಡಿನ್. ಇಲ್ಲಿ ಮತ್ತೆ ಧನ ಆವೇಶ ಕೆಲಸಕ್ಕೆ ಬರುತ್ತದೆ. ಬ್ಯಾಕ್ಟೀರಿಯದ ಹೊರಮೈಗೆ ಋಣ ಆವೇಶವಿದೆ. ಕ್ಲೋರ್‌ಹೆಕ್ಸಿಡಿನ್ ಅದಕ್ಕೆ ಅಂಟಿಕೊಂಡು ಪೊರೆಯನ್ನು ಹರಿದು ಒಳಗಿನ ದ್ರವ ಸೋರಿಹೋಗುವಂತೆ ಮಾಡುತ್ತದೆ. ಚರ್ಮಕ್ಕೂ ಹಲ್ಲಿಗೂ ಅಂಟಿಕೊಳ್ಳುವುದರಿಂದ ಗಂಟೆಗಟ್ಟಲೆ ಕಾವಲು ಕಾಯುತ್ತದೆ. ಸಾಬೂನು ಮತ್ತು ಟೂತ್‌ಪೇಸ್ಟಿನ ನೊರೆಗೆ ಋಣ ಆವೇಶವಿರುವುದರಿಂದ ಅವು ಇದನ್ನು ನಿಷ್ಕ್ರಿಯಗೊಳಿಸುತ್ತವೆ. ಹಲ್ಲುಜ್ಜಿದ ಕೂಡಲೇ ಈ ದ್ರವದಿಂದ ಮುಕ್ಕಳಿಸಬೇಡಿ ಎಂದು ದಂತವೈದ್ಯರು ಹೇಳುವುದು ಇದಕ್ಕೇ. ಹತ್ತನೇ ತರಗತಿಯ ಪಾಠ ಬಚ್ಚಲುಮನೆಯಲ್ಲಿ ಪ್ರಯೋಗಕ್ಕೆ ಬಂದಂತಾಯಿತು!

ನೇಪಾಳದ ಸರ್ಲಾಹಿ ಜಿಲ್ಲೆಯಲ್ಲಿ ನವಜಾತ ಶಿಶುಗಳ ಹೊಕ್ಕುಳಬಳ್ಳಿಗೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಶಿಶುಮರಣ ಶೇಕಡಾ 24ರಷ್ಟು ಕಡಿಮೆಯಾಗಿತ್ತು. ಆ ಬಳಿಕ ನೇಪಾಳ ಅದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿಸಿತು. ಆದರೆ ಆಫ್ರಿಕದ ಜಾಂಬಿಯಾ ಮತ್ತು ಟಾಂಜಾನಿಯಾದಲ್ಲಿ ನಡೆದ ಅಧ್ಯಯನಗಳಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ಇಷ್ಟು: ಬಳ್ಳಿಯನ್ನು ಶುಚಿಯಾಗಿ, ಒಣದಾಗಿ ಇಟ್ಟರೆ ಸಾಕು, ಸಗಣಿಯಂಥ ಅಪಾಯಕಾರಿ ವಸ್ತು ಹಚ್ಚುವ ರೂಢಿಯಿರುವ ಕಡೆ ಮಾತ್ರ ಈ ಔಷಧ ಬೇಕು. ಒಂದೇ ಔಷಧ, ಊರು ಬೇರೆಯಾದರೆ ಫಲ ಬೇರೆ. ಇದೇ ದ್ರವ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕಣ್ಣಿನ ಔಷಧವೆಂದು ತಪ್ಪಾಗಿ ಹಾಕಿ ಅನಾಹುತವಾದ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದಿವೆ. ಬಾಟಲಿಯ ಮೇಲಿನ ಚೀಟಿ ಓದಲು ಬಾರದ ಕೈಯಲ್ಲಿ ಒಳ್ಳೆಯ ಔಷಧವೂ ಕೇಡು ಮಾಡಬಲ್ಲದು.

ಇತ್ತೀಚೆಗೆ ಮೆಟ್‌ಫಾರ್ಮಿನ್ ಬಗ್ಗೆ ದೊಡ್ಡ ದೊಡ್ಡ ಮಾತುಗಳು ಕೇಳಿಬರುತ್ತಿವೆ. ಅದು ಕ್ಯಾನ್ಸರ್ ಗುಣಪಡಿಸುತ್ತದೆ, ಮುಪ್ಪನ್ನು ತಡೆಯುತ್ತದೆ ಎನ್ನುವವರಿದ್ದಾರೆ. ಸ್ತನ ಕ್ಯಾನ್ಸರಿನ 3,649 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯಿಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಔಷಧದ ಮೇಲಿನ ಕುರುಡು ಭಯದಂತೆ ಕುರುಡು ಭಕ್ತಿಯೂ ಅಪಾಯವೇ.

ಪ್ರೀತಿಯ ವಿದ್ಯಾರ್ಥಿಗಳೇ, ಒಂದೇ ಮನೆತನದ ಅಣುಗಳಲ್ಲಿ ಒಂದು ಪ್ರಾಣ ಉಳಿಸಿತು, ಇನ್ನೊಂದು ಪ್ರಾಣ ತೆಗೆಯಿತು. ನಡುವಿನ ವ್ಯತ್ಯಾಸ ಕೆಲವೇ ಪರಮಾಣುಗಳ ಒಂದು ಬಾಲ. ಹೆಸರು ನೋಡಿ ಒಳ್ಳೆಯದು, ಕೆಟ್ಟದ್ದು ಎಂದು ತೀರ್ಪು ಕೊಡುವಂತಿಲ್ಲ. ರಚನೆ ಏನು, ಪ್ರಮಾಣ ಎಷ್ಟು, ಯಾರ ದೇಹಕ್ಕೆ ಎಂದು ಕೇಳಬೇಕು. ಹಾಗೆ ಕೇಳುವುದನ್ನು ಕಲಿಸುವುದೇ ಶಿಕ್ಷಣ. ನಮ್ಮ ಸಂಘ ಹಳ್ಳಿ ಹಳ್ಳಿಯ ಮಕ್ಕಳಿಗೆ ಪುಸ್ತಕ, ಶುಲ್ಕ ಕೊಟ್ಟು ಓದಿಸುತ್ತಿರುವುದು ಕೆಲಸ ಸಿಗಲಿ ಎಂದು ಮಾತ್ರವಲ್ಲ.

ತಮ್ಮಲ್ಲಿ ನನ್ನದೊಂದು ಕೋರಿಕೆ. ಇಂದು ರಾತ್ರಿ ಮನೆಗೆ ಹೋದ ಮೇಲೆ ಅಮ್ಮ, ಅಬ್ಬಾ, ದಾದಿ, ನಾನಿ ಯಾರೇ ಇರಲಿ, ಅವರ ಮಾತ್ರೆಗಳ ಡಬ್ಬಿಯನ್ನು ತೆಗೆದು ಎದುರಿಗೆ ಕುಳಿತುಕೊಳ್ಳಿ. ಒಂದೊಂದು ಮಾತ್ರೆಯ ಹಿಂಭಾಗ ಓದಿ, ಯಾವುದು ಯಾತಕ್ಕೆ ಎಂದು ಅವರಿಗೆ ಅವರ ಮಾತಿನಲ್ಲೇ ಹೇಳಿ. ಗೊತ್ತಿಲ್ಲದಿದ್ದರೆ ಬರೆದುಕೊಂಡು ಹೋಗಿ ವೈದ್ಯರನ್ನು ಕೇಳಿ. ಯಾವ ಮಾತ್ರೆಯನ್ನಾದರೂ ಗುಟ್ಟಾಗಿ ನಿಲ್ಲಿಸಿದ್ದಾರೆಯೇ ಎಂದು ಗದರಿಸದೆ ವಿಚಾರಿಸಿ. ನಾನು ಆಪಾ ಅವರಿಗೆ ಈ ಕೆಲಸವನ್ನು ತಡವಾಗಿ ಮಾಡಿದೆ. ಈಗ ಅವರು ಮತ್ತೆ ಮಾತ್ರೆ ನುಂಗುತ್ತಿದ್ದಾರೆ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ತಾವೇ ನೆನಪು ಮಾಡುತ್ತಾರೆ. ಮದುವೆ ಮನೆಗಳಲ್ಲಿ ಕಿಡ್ನಿಯ ಮಾತು ಬಂದರೆ ಚರಂಡಿಯ ಉದಾಹರಣೆಯನ್ನು ನನಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ.